ನಾಕಾದಾಗ ನಿಂದ್ರು

ನಾನು ಹಿಟ್ಟಿನ ಗಿರಣಿ ನಡೆಸುವವನು. ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ಒದರಿ ಒದರಿ ನನ್ನ ದನಿ ಎಷ್ಟು ದೊಡ್ಡದಾಗಿದೆಯೆಂದರೆ, ಮನೆಯಲ್ಲಿ ಚಹಾ ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ ಎಂದು ಹೆಂಡತಿಯ ತಕರಾರು. ನನ್ನ ದನಿ ಸರಿಯಾಗಿದೆ ಎನ್ನುವವಳು ಒಬ್ಬಳೇ ಒಬ್ಬಳು, ನಮ್ಮ ಸೋದರತ್ತೆ. ಅಪ್ಪನ ಅಕ್ಕ. ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ. "ನೀ ಒಬ್ಬಾಂವ ನೋಡು ಮನಷ್ಯಾರ ಹಂಗ ಮಾತಾಡಾಂವ. ಉಳದವರೆಲ್ಲಾ ಪಿಸಿಪಿಸಿ ಅಂತಾರ" ಎನ್ನುತ್ತಾಳೆ.

ಅತ್ತೆಯ ಊರು ಹಳ್ಳದ ಆಚೆ. ಸೇತುವೆಯ ಮೇಲೆ ಹಾದರೆ ಗಾಡಿ ಚಾಲೂ ಮಾಡಿ ಸರಿಯಾಗಿ ಕೂರುವಷ್ಟರಲ್ಲಿ ಬಂದೇಬಿಡುತ್ತದೆ. ಎರಡೂ ಊರಿಗೆ ಒಂದೇ ತಾಲೂಕು ಕಚೇರಿ, ಒಂದೇ ಸಂತೆ. ಎರಡೂ ಕಡೆ ಅದೇ ಎರೆಮಣ್ಣು, ಅದೇ ಮೆಣಸಿನಕಾಯಿ, ಅದೇ ಶೇಂಗಾ. ಹೊಸಬರು ಯಾರಾದರೂ ನೋಡಿದರೆ ಇದು ಬೇರೆ ಊರು ಅದು ಬೇರೆ ಊರು ಎಂದು ಹೇಳುವುದಕ್ಕೂ ಕಾರಣ ಸಿಗುವುದಿಲ್ಲ.

ಆದರೆ ನಮ್ಮ ಅಜ್ಜನ ಕಾಲದಲ್ಲಿ ಹಳ್ಳವೆಂದರೆ ಗಡಿ. ಈಚೆಗೆ ಖಾಲಸಾ, ಅಂದರೆ ಇಂಗ್ರೇಜರು ತಾವೇ ಆಳುವ ಸೀಮೆ. ಆಚೆಗೆ ಸಂಸ್ಥಾನ, ಅಂದರೆ ರಾಜರದು. ಶಾಲೆಯ ಪುಸ್ತಕದಲ್ಲಿ ದೇಶವನ್ನು ಇಂಗ್ರೇಜರು ಆಳಿದರು ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಕಡೆ ಅದು ಅಷ್ಟು ಸರಳ ಇರಲಿಲ್ಲ ಸ್ವಾಮಿ. ಎತ್ತು ನೀರು ಕುಡಿಯಲು ಹಳ್ಳಕ್ಕಿಳಿದರೆ ಮುಂಗಾಲು ರಾಜನದು, ಹಿಂಗಾಲು ಇಂಗ್ರೇಜರದು. ಬೆಲ್ಲ, ಬಟ್ಟೆ, ಹೊಗೆಸೊಪ್ಪು, ಏನೇ ದಾಟಿಸಿದರೂ ಜಕಾತಿ ಕಟ್ಟಬೇಕು. ಅಜ್ಜಿಯನ್ನು ಮದುವೆ ಮಾಡಿಕೊಂಡು ಗಾಡಿಯಲ್ಲಿ ಕರೆತರುವಾಗ ಅವಳ ತವರಿನ ಪಾತ್ರೆ, ಸೀರೆಗಳಿಗೂ ಜಕಾತಿ ಕಟ್ಟಿಸಿಕೊಂಡಿದ್ದರಂತೆ. ಅಜ್ಜಿ ಜಗಳ ತೆಗೆದಾಗಲೆಲ್ಲ ಅಜ್ಜ, "ಜಕಾತಿ ಕೊಟ್ಟು ತಂದ ಮಾಲು, ವಾಪಸ್ ಕಳಸಾಕೂ ಬರೂದಿಲ್ಲ" ಎಂದು ಕಾಡುತ್ತಿದ್ದ.

ಹಳ್ಳ ದಾಟುವುದು ಎಂಬ ಮಾತು ನಮ್ಮೂರಲ್ಲಿ ಇವತ್ತಿಗೂ ಇದೆ. ಶಾಲೆ ತಪ್ಪಿಸಿದ ಹುಡುಗನಿಗೆ "ಹಳ್ಳ ದಾಟ್ಯಾನ" ಎನ್ನುತ್ತಾರೆ. ಅದು ಬಂದದ್ದು ಚಳವಳಿಯ ಕಾಲದಿಂದ. ಬಿಳಿ ಟೊಪ್ಪಿಗೆ ಹಾಕಿಕೊಂಡು ಘೋಷಣೆ ಕೂಗಿದವರನ್ನು ಹಿಡಿಯಲು ಖಾಲಸಾ ಪೊಲೀಸರು ಬಂದರೆ, ಇವರು ಧೋತರ ಎತ್ತಿ ಕಟ್ಟಿ ಹಳ್ಳ ದಾಟಿ ಆಚೆ ದಂಡೆಯಲ್ಲಿ ಕುಳಿತುಬಿಡುತ್ತಿದ್ದರಂತೆ. ರಾಜರ ಅಪ್ಪಣೆ ಇಲ್ಲದೆ ಪೊಲೀಸರು ಆ ದಂಡೆ ತುಳಿಯುವಂತಿಲ್ಲ. ಪೊಲೀಸರು ಈಚೆ ನಿಂತು "ಬರ್ರಿ ಇಲ್ಲೆ" ಎಂದರೆ ಇವರು ಆಚೆ ಕುಳಿತು ಬೀಡಿ ಹೊತ್ತಿಸಿ "ನೀವ ಬರ್ರಿ ಸಾಹೇಬ್ರ" ಎನ್ನುವುದು. ನಮ್ಮ ಅಜ್ಜನೂ ಹಾಗೆ ಕುಳಿತು ಬಂದವನೇ. ದೊಡ್ಡ ಹೋರಾಟಗಾರ ಎಂದು ನಾನು ಕೊಚ್ಚಿಕೊಳ್ಳುವುದಿಲ್ಲ. "ಬ್ಯಾರೇದವ್ರು ಜೇಲಿಗೆ ಹೋದ್ರು, ನಾ ಹಳ್ಳಕ್ಕ ಹೋದೆ" ಎಂದು ಅವನೇ ನಗುತ್ತಿದ್ದ.

ಈಗ ನಾಕಾದ ಮಾತು ಹೇಳಬೇಕು. ನಾಕಾ ಎಂದರೆ ಜಕಾತಿ ವಸೂಲಿಯ ಚೌಕಿ. ನಮ್ಮೂರಿನ ಗಾಡಿದಾರಿ ಹಳ್ಳಕ್ಕಿಳಿಯುವಲ್ಲಿ ಕಲ್ಲಿನ ಒಂದು ಖೋಲಿ ಇತ್ತು. ಮೇಲಿನದೆಲ್ಲ ಬಿದ್ದು ಎಷ್ಟೋ ಕಾಲವಾಯಿತು, ಉಳಿದಿರುವುದು ಕಟ್ಟೆಯಷ್ಟೇ, ಸುತ್ತ ಜಾಲಿಗಿಡ. ಆದರೂ ಆ ಜಾಗದ ಹೆಸರು ನಾಕಾ. "ನಾಕಾದಾಗ ಎಮ್ಮಿ ಕಟ್ಟೇನಿ", "ನಾಕಾದ ಮ್ಯಾಲಿನ ಹೊಲ", ಹೀಗೆ ಮಾತಾಡುತ್ತೇವೆ. ಚಿಕ್ಕಂದಿನಲ್ಲಿ ನಾನೂ ಆ ಕಟ್ಟೆಯ ಮೇಲೆ ಕುಳಿತು ಪೇರಲ ಹಣ್ಣು ತಿಂದವನೇ.

ಸ್ವಾತಂತ್ರ್ಯ ಬಂದ ವರ್ಷ ಅಧಿಕ ಶ್ರಾವಣ ಬಂದಿತ್ತಂತೆ, ಒಂದೇ ವರ್ಷಕ್ಕೆ ಎರಡು ಶ್ರಾವಣ. ಅಜ್ಜಿ ಆಗ ಬಾಣಂತನಕ್ಕೆ ತವರಿಗೆ, ಅಂದರೆ ಆಚೆ ದಂಡೆಯ ಊರಿಗೆ, ಹೋಗಿದ್ದಳು. ಏಳು ವರ್ಷದ ಮಗಳು, ಅಂದರೆ ನಮ್ಮ ಅತ್ತೆ, ಜೊತೆಗಿದ್ದಳು. ನಮ್ಮ ಅಪ್ಪ ಹುಟ್ಟಿದ್ದು ಅಲ್ಲೇ. ಅಪ್ಪನನ್ನು ಅತ್ತೆ ಕೊನೆಯವರೆಗೂ "ನಾವೆಲ್ಲಾ ಇಂಗ್ರೇಜಿ ಮಂದಿ, ಇವನೊಬ್ಬಾಂವ ರಾಜಾನ ಪ್ರಜಾ" ಎಂದು ಚಾಷ್ಟಿ ಮಾಡುತ್ತಿದ್ದಳು.

ಝೆಂಡಾ ಏರಿಸುವ ದಿನ ನಿನ್ನ ಕೈಯಿಂದ ಹಗ್ಗ ಜಗ್ಗಿಸುತ್ತೇನೆ ಎಂದು ಅಜ್ಜ ಮಗಳಿಗೆ ಮೊದಲೇ ಮಾತು ಕೊಟ್ಟಿದ್ದ. ಅವಳಿಗೆ ಅದೊಂದೇ ಧ್ಯಾನ. ದಿನ ಗೊತ್ತಾದ ಮೇಲೆ ಅಜ್ಜ ಎತ್ತು ನೋಡಲು ಆ ಊರಿಗೆ ಹೊರಟವನೊಬ್ಬನ ಕೈಯಲ್ಲಿ ಹೇಳಿಕಳಿಸಿದ: "ಮುಂಜಾನೆ ಹುಡುಗೀನ್ನ ನಾಕಾದಾಗ ನಿಂದರಸ್ರಿ. ನಾ ಬಂದು ಹೆಗಲ ಮ್ಯಾಲ ಕುಂದರಿಸಿಕೊಂಡು ಹಳ್ಳ ದಾಟಸ್ತೇನಿ." ಆಚೆಯ ಊರಲ್ಲಿ ಆ ದಿನ ಝೆಂಡಾ ಇರಲಿಲ್ಲ. ರಾಜರಿಂದ ಏನೂ ಅಪ್ಪಣೆ ಬಂದಿಲ್ಲವೆಂದು ಅಲ್ಲಿಯ ಹಿರಿಯರು ಸುಮ್ಮನಿದ್ದರಂತೆ. ಹುಡುಗಿಗೆ ಝೆಂಡಾ ಬೇಕೆಂದರೆ ಹಳ್ಳ ದಾಟಲೇಬೇಕು.

ದಾಟಲಿಲ್ಲ. ಇಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಕಥೆಗಳು.

ಅಜ್ಜನ ಕಥೆ ಇದು. ಪ್ರತಿ ವರ್ಷ ಝೆಂಡಾ ಏರಿಸಿ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಹೇಳುತ್ತಿದ್ದ. "ಬೆಳಕ ಹರಿಯೂದಕ್ಕ ನಾಕಾದಾಗ ಹೋಗಿ ನಿಂತೆ. ಹಳ್ಳದಾಗ ಸೊಂಟದ ಮಟಾ ನೀರು, ಸಪ್ಪಳ ಅಂದ್ರ ಸಪ್ಪಳ. ಮಗಳ ಹೆಸರು ಹಿಡದು ಒದರಿ ಒದರಿ ಗಂಟಲಾ ಹರಕೊಂಡೆ. ಯಾರೂ ಬರ್ಲಿಲ್ಲ. ಝೆಂಡಾದ ಕಂಬ ನಿಲ್ಲಸೂ ಕೆಲಸ ನಂದ, ಎಷ್ಟೊತ್ತು ನಿಂದರಲಿ? ಆ ಬೀಗರು ರಾಜಾಗ ಅಂಜಿ ಕೂಸಿನ್ನ ಕಳಸಲಿಲ್ಲ." ಅಷ್ಟು ಹೇಳಿ ಬಸಿಯನ್ನು ಟಪ್ಪೆಂದು ಕೆಳಗಿಡುವುದು. ಕಳಿಸಿದ್ದರು ಎಂದು ಅಜ್ಜಿ ಅಂದರೆ, ತವರಿನ ಪರ ಮಾತಾಡುತ್ತಾಳೆ ಎಂದು ನಂಬುತ್ತಲೇ ಇರಲಿಲ್ಲ.

ಅತ್ತೆಯ ಕಥೆ ಇನ್ನೂ ಚಿಕ್ಕದು. "ನಿಂತೆ. ಬರ್ಲಿಲ್ಲ. ಮರತಾ." ಮುಗಿಯಿತು.

ಅತ್ತೆ ಅಜ್ಜನ ಕಥೆಯನ್ನು ಅವನ ಬಾಯಿಂದ ಕೇಳಿಯೇ ಇರಲಿಲ್ಲ. ಯಾಕೆಂದರೆ ಆ ದಿನ ಅವಳು ನಮ್ಮೂರಿಗೆ ಬರುತ್ತಲೇ ಇರಲಿಲ್ಲ. ಅವಳನ್ನು ಚಿಕ್ಕ ವಯಸ್ಸಿನಲ್ಲೇ ಆ ಮನೆಗೇ, ಅಜ್ಜಿಯ ತಮ್ಮನಿಗೇ ಕೊಟ್ಟಿದ್ದರು; ಅದಕ್ಕೂ ಮೊದಲು ಆ ದಿನ ಬಂತೆಂದರೆ ಅಜ್ಜಿಯ ತವರಿಗೆ ಹೋಗಿಬಿಡುತ್ತಿದ್ದಳಂತೆ. ಅಜ್ಜನಿಗೆ ಬೀಗರ ಮೇಲೆ ಎಷ್ಟು ಸಿಟ್ಟಿದ್ದರೂ ಸೋದರಮಾವನ ಹಕ್ಕು ತಪ್ಪಿಸಲು ಆಗಲಿಲ್ಲ. ಪಂಚಮಿಗೆ, ದೀಪಾವಳಿಗೆ, ಮನೆಯ ಮದುವೆ ಮುಂಜಿಗೆ ಎಲ್ಲದಕ್ಕೂ ಬಂದಳು. ಆಗಸ್ಟಿನ ಆ ಒಂದು ದಿನಕ್ಕೆ ಮಾತ್ರ, "ಅದು ನಿಮ್ಮ ಹಬ್ಬ. ನನಗ ಸ್ವಾತಂತ್ರ್ಯ ಬಂದಿಲ್ಲ. ಹೋಗಿ ಹೋಗಿ ಅಧಿಕ ಮಾಸದಾಗ ಯಾರರ ಸ್ವಾತಂತ್ರ್ಯ ತಗೋತಾರನ?" ಎಂದು ನಗಿಸಿ ಕಳಿಸಿಬಿಡುತ್ತಿದ್ದಳು. ನಾವೂ ನಕ್ಕು ಬರುತ್ತಿದ್ದೆವು. ನಿನ್ನ ಅಪ್ಪನನ್ನೇ ಒಂದು ಮಾತು ಕೇಳಬಹುದಿತ್ತಲ್ಲ ಎಂದು ನಾನೊಮ್ಮೆ ಕೇಳಿದರೆ, "ಆಗಿನ ಕಾಲಕ್ಕ ಹೆಣ್ಣುಮಗಳು ಅಪ್ಪನ ಮುಂದ ನಿಂತು ಯಾಕ ಬರ್ಲಿಲ್ಲ ಅಂತ ಕೇಳೂದು ಇತ್ತೇನಲೇ?" ಎಂದಳು.

ನಮ್ಮ ಅಪ್ಪ ತೀರಿಕೊಂಡ ಮೇಲೆ ಅವಳನ್ನು ಕರೆಯುವ ಪಾಳಿ ನನ್ನದಾಯಿತು. ಒಂದು ಸಲ ನಾನು ಅಜ್ಜನ ಮಾತನ್ನು ಇದ್ದದ್ದು ಇದ್ದ ಹಾಗೆ ಅವಳ ಕಿವಿಯಲ್ಲಿ ಒದರಿದೆ. ಅವಳ ನಗು ನಿಂತುಹೋಯಿತು. "ಸುಳ್ಳು. ಬಿಸಲು ಏರೂ ಮಟಾ ನಾ ನಾಕಾದಾಗ ನಿಂತಿದ್ದೆ. ನಿಮ್ಮ ಮಾಮಾ ಜೋಡಿ ಇದ್ದಾ. ಒಂದು ನಾಯಿ ಸೈತ ಬರ್ಲಿಲ್ಲ. ದೇಶಾ ನೆನಪಿಟ್ಟಾಂವ ಮಗಳನ್ನ ಮರತಾ" ಎಂದಳು. ಎಂದವಳೇ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದಳು, ಏನೂ ಕೆಲಸ ಇರಲಿಲ್ಲ ಅಲ್ಲಿ. ಅಷ್ಟು ವರ್ಷ ನಾವು ಚಾಷ್ಟಿ ಎಂದುಕೊಂಡದ್ದು ಚಾಷ್ಟಿ ಅಲ್ಲ ಎಂದು ನನಗೆ ಆಗ ತಿಳಿಯಿತು.

ನಾನೂ ಯೋಚನೆ ಮಾಡಿದೆ. ಅಜ್ಜ ನಿಂತಿದ್ದೆ ಎನ್ನುತ್ತಾನೆ, ಅತ್ತೆ ನಿಂತಿದ್ದೆ ಎನ್ನುತ್ತಾಳೆ, ಜಾಗ ಒಂದೇ, ಹೊತ್ತು ಒಂದೇ. ಒಬ್ಬರದು ಸುಳ್ಳಿರಲೇಬೇಕು. ಝೆಂಡಾದ ಗದ್ದಲದಲ್ಲಿ ಅಜ್ಜ ಮರೆತಿದ್ದಾನೆ, ಆಮೇಲೆ ಮುಖ ಉಳಿಸಿಕೊಳ್ಳಲು ಬೀಗರ ಮೇಲೆ ಹಾಕಿದ್ದಾನೆ ಎಂದು ತೀರ್ಮಾನ ಮಾಡಿಕೊಂಡೆ. ಏಳು ವರ್ಷದ ಕೂಸು ಯಾಕೆ ಸುಳ್ಳು ಹೇಳೀತು? ಮೊದಲೆಲ್ಲ ಅಜ್ಜನ ಫೋಟೋದ ಮುಂದೆ ಕೈಮುಗಿಯುವಾಗ ಒಂದು ಹೆಮ್ಮೆ ಇರುತ್ತಿತ್ತು. ಆಮೇಲೆ ಅದು ಸ್ವಲ್ಪ ಕಡಿಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮೊನ್ನೆ ಮೊನ್ನೆ, ಶ್ರಾವಣ ಮತ್ತೆ ಅಧಿಕವಾಗಿ ಬಂದ ವರ್ಷ, ಅತ್ತೆಗೆ ಫೋನ್ ಹಚ್ಚಿದೆ. ಎಂದಿನ ಹಾಗೆ ಕರೆದೆ, ಎಂದಿನ ಹಾಗೆ ಬೈಸಿಕೊಳ್ಳಲು ತಯಾರಾಗಿದ್ದೆ.

"ಈ ಸಲ ಬರ್ತೇನಿ" ಎಂದಳು.

"ಏನಂದಿ?"

"ಯಾಕ, ನಿನ್ನ ಕಿವೀನೂ ಹೋದೂವೇನು? ಬರ್ತೇನಿ ಅಂದೆ. ಮತ್ತ ಅಧಿಕ ಶ್ರಾವಣ ಬಂದೈತಿ. ಮುಂದಿನ ಅಧಿಕ ಶ್ರಾವಣಕ್ಕ ನಾ ಎಲ್ಲಿರ್ತೇನೋ ಏನೋ. ಆದ್ರ ಸೇತುವೆ ಮ್ಯಾಲ ಬರಾಂಗಿಲ್ಲ. ಅವತ್ತ ಎಲ್ಲಿ ನಿಂದ್ರು ಅಂದಿದ್ನೋ ಅಲ್ಲೇ ನಿಂದಿರ್ತೇನಿ. ನಾಕಾದಾಗ. ಅಲ್ಲಿಂದ ಕರ್ಕೊಂಡು ಹೋಗು. ನಿಮ್ಮಜ್ಜನಂಗ ನೀನೂ ಬರದಿದ್ರ, ನನ್ನ ತವರುಮನಿ ಇಲ್ಲಿಗೆ ತೀರಿತು ಅಂತ ತಿಳಕೋತೇನಿ."

ಅತ್ತೆ ಹುಡುಗಾಟಕ್ಕೆ ಹಾಗೆ ಅನ್ನುವವಳಲ್ಲ. ನಾನು ಶಾಲೆಗೆ ಹೋಗಿ ಹೆಡ್‌ಮಾಸ್ತರರಿಗೆ ಎಲ್ಲ ಹೇಳಿದೆ. ಅವರು ಒಳ್ಳೆಯ ಮನುಷ್ಯರು. "ಕರ್ಕೊಂಡು ಬರ್ರಿ, ಈ ಸಲ ಅಮ್ಮಾರ ಕೈಲೇನ ಏರಸೂಣು" ಎಂದರು. ಅವತ್ತು ಗಿರಣಿ ಬಂದ್ ಎಂದು ಹಿಂದಿನ ದಿನವೇ ಬಾಗಿಲಿಗೆ ಬರೆದು ಹಾಕಿದೆ. ಮಲಗುವಾಗಲೂ ಹೆಂಡತಿಗೆ ಹೇಳಿದೆ, ಎದ್ದ ಮೇಲೂ ಹೇಳಿದೆ, "ಎಬ್ಬಸು ಮತ್ತ, ಮರತಿ ಅಂದ್ರ ನೋಡು". "ಎದ್ದು ಕುಂತು ಎಬ್ಬಸು ಅಂತೀರಲ್ರಿ" ಎಂದು ಅವಳು ಹಣೆ ಚಚ್ಚಿಕೊಂಡಳು.

ಬೆಳಗಿನ ಹೊತ್ತಿಗೇ ನಾಕಾಕ್ಕೆ ಹೋಗಿ ನಿಂತೆ. ಆ ವರ್ಷ ಶ್ರಾವಣದಲ್ಲಿ ಮಳೆ ಹಿಂದೆ ಸರಿದಿತ್ತು. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು, ಉಳಿದದ್ದು ಉಸುಕು. ಮುದುಕಿ ಕೈಹಿಡಿದು ದಾಟುವುದಕ್ಕೆ ಇದಕ್ಕಿಂತ ಚೊಲೋ ದಿನ ಇರಲಿಲ್ಲ. ಆಚೆ ದಂಡೆ ನೋಡುತ್ತ ಕಟ್ಟೆಯ ಮೇಲೆ ಕುಳಿತೆ. ಬರಲಿಲ್ಲ. ಎದ್ದು ನಿಂತೆ. ಬರಲಿಲ್ಲ. ಅತ್ತೆಯ ಸೊಸೆಯ ಫೋನಿಗೆ ಹಚ್ಚಿದೆ, ತಾಗಲಿಲ್ಲ. "ಅತ್ತೀ" ಎಂದು ಒದರಿದೆ. ಆಚೆಯ ಹೊಲದಲ್ಲಿದ್ದ ಕೊಕ್ಕರೆಗಳು ಎದ್ದು ಹಾರಿದವು, ಅಷ್ಟೇ.

ಬಿಸಿಲು ಏರಿತು. ಶಾಲೆಯ ಕಡೆಯಿಂದ ಮೈಕಿನ ಸದ್ದು ಶುರುವಾಯಿತು. ಹೆಡ್‌ಮಾಸ್ತರರ ಫೋನ್ ಬಂತು, "ಎಲ್ಲಿದ್ದೀರಿ? ಹುಡುಗರು ಬಿಸಲಾಗ ನಿಂತಾವ್ರಿ. ಪಂಚಾಯ್ತಿಯವರೂ ಬಂದಾರ, ಇನ್ನ ತಡಾ ಮಾಡಾಕ ಬರೂದಿಲ್ಲ." ಏರಿಸಿಬಿಡಿ ಎಂದೆ, ಮತ್ತೇನು ಹೇಳಲಿ. ನನಗೆ ಎಂಥ ಸಿಟ್ಟು ಬಂತೆಂದರೆ! ಮುದುಕಿ ಮತ್ತೆ ಕೈಕೊಟ್ಟಳು, ಬರುವ ಮನಸ್ಸೇ ಇರಲಿಲ್ಲ, ಸುಮ್ಮನೆ ನನ್ನನ್ನು ಕುಣಿಸಿದಳು ಎಂದುಕೊಂಡೆ. ಅವಳ ಮನೆಯವರು ಕಳಿಸಲಿಲ್ಲವೇನೋ ಎಂದೂ ಬಂತು ತಲೆಯಲ್ಲಿ. ಗಾಡಿಗೆ ಒದ್ದು ಚಾಲೂ ಮಾಡಿದೆ.

ಆಗ ಅತ್ತೆಯ ಸೊಸೆಯ ಫೋನ್ ಬಂತು. ಅವಳ ದನಿಯಲ್ಲಿ ಅಳು. "ಏನ್ರಿ ಇದು, ಎಲ್ಲಿದ್ದೀರಿ? ಅತ್ತಿಯಾರು ಚಾ ಸೈತ ಕುಡೀದನ ಬಂದು ನಾಕಾದಾಗ ಕುಂತಾರ. ಮನಿಗೆ ಹೋಗೂಣು ಬರ್ರಿ ಅಂದ್ರ ಏಳವಲ್ರು."

"ಏ, ನಾನೂ ನಾಕಾದಾಗನ ನಿಂತೇನಿ!" ಎಂದು ಒದರಿದೆ.

"ಸುಳ್ಳ ಹೇಳಬ್ಯಾಡ್ರಿ. ನಾ ಇಲ್ಲೇ ಅದೇನಿ. ಇಲ್ಲಿ ಯಾರೂ ಇಲ್ಲ."

"ಎಲ್ಲಿ? ಯಾವ ನಾಕಾ?"

"ಯಾವ ನಾಕಾ ಅಂದ್ರ? ರಾಜಾನ ನಾಕಾ. ಬೇವಿನ ಗಿಡದ ಬುಡಕ, ಕಾಲದಾರಿ ಇಳೀತೈತಲ್ಲಾ, ಅಲ್ಲಿ."

ನಾನು ಗಾಡಿ ಬಂದ್ ಮಾಡಿದೆ. ಬಂದ್ ಮಾಡಿ ಅದರ ಮೇಲೆ ಹಾಗೇ ಕುಳಿತೆ. ಥೂ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಎರಡು ಸರಕಾರ ಅಂದ ಮೇಲೆ ಎರಡು ನಾಕಾ ಇರಬೇಕಲ್ಲ. ಇಂಗ್ರೇಜರು ತಮ್ಮ ಜಕಾತಿಯನ್ನು ಗಾಡಿದಾರಿಯಲ್ಲಿ ಕಟ್ಟಿಸಿಕೊಂಡರು, ರಾಜರು ತಮ್ಮದನ್ನು ಕಾಲುದಾರಿಯಲ್ಲಿ ಕಟ್ಟಿಸಿಕೊಂಡರು. ಈ ದಂಡೆಯವರಿಗೆ ನಾಕಾ ಎಂದರೆ ಇದು, ಆ ದಂಡೆಯವರಿಗೆ ನಾಕಾ ಎಂದರೆ ಅದು. ನಡುವೆ ಹಳ್ಳ ತಿರುಗುತ್ತದೆ, ತಿರುವಿನ ತುಂಬ ಜಾಲಿ. ಇಲ್ಲಿ ನಿಂತವನು ಅಲ್ಲಿಗೆ ಕಾಣುವುದಿಲ್ಲ, ಅಲ್ಲಿ ನಿಂತವಳು ಇಲ್ಲಿಗೆ ಕಾಣುವುದಿಲ್ಲ. ಅಜ್ಜ ನಾಕಾ ಎಂದು ಹೇಳಿಕಳಿಸಿದ, ಆ ದಂಡೆಯಲ್ಲೇ ಬೆಳೆದ ಮಾಮಾ ಹುಡುಗಿಯನ್ನು ತಾನು ಬಲ್ಲ ನಾಕಾದಲ್ಲೇ ನಿಲ್ಲಿಸಿದ. ಯಾರದೂ ಸುಳ್ಳಲ್ಲ. ಅಜ್ಜನ ಕೈಯಲ್ಲಿ ಫೋನ್ ಇರಲಿಲ್ಲ, ಇಷ್ಟೇ ಫರಕು.

ಚಪ್ಪಲಿ ಅಲ್ಲೇ ಬಿಟ್ಟು ಉಸುಕಿನಲ್ಲಿ ಓಡಿದೆ. ಈ ಹೊಟ್ಟೆ ಹೊತ್ತು ಓಡಿದ್ದು ನನಗೇ ನಗು ಬರುವಂಥದ್ದು, ಆದರೆ ಆಗ ನಗು ಬರಲಿಲ್ಲ. ತಿರುವು ದಾಟಿದ ಮೇಲೆ ಬೇವಿನ ಗಿಡ ಕಂಡಿತು. ಬುಡದಲ್ಲಿ ಮುರುಕು ಗೋಡೆ, ಗೋಡೆಗೆ ಆತು ಅತ್ತೆ. ಹಸಿರು ಇಳಕಲ್ ಸೀರೆ ಉಟ್ಟಿದ್ದಳು, ತಲೆ ಬಾಚಿ ಹೂ ಮುಡಿದಿದ್ದಳು. ಸೊಸೆ ಪಕ್ಕದಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಅತ್ತೆ ಮುಖ ತಿರುವಿದಳು.

"ಅವನ ಮೊಮ್ಮಗ ಅಲ್ಲನು ನೀ" ಎಂದಳು. "ಹೋಗು. ನನಗ ಯಾರೂ ಬ್ಯಾಡ."

ನಾನು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. ಏದುಸಿರು ಬಿಡುತ್ತ ಹೇಳಿದೆ, ಕೇಳಿಸಲಿ ಎಂದು ಮತ್ತೆ ಒದರಿ ಹೇಳಿದೆ. "ಅತ್ತೀ, ನಮ್ಮ ಕಡೆ ನಾಕಾ ಬ್ಯಾರೆ ಐತಿ. ಗಾಡಿದಾರ್ಯಾಗ, ತಿರುವಿನ ಆ ಕಡೆ. ನಾ ಮುಂಜಾನಿಂದ ಅಲ್ಲೇ ನಿಂತೇನಿ. ಅಜ್ಜಾನೂ ಅಲ್ಲೇ ನಿಂತಿದ್ದಾ."

ಅವಳು ತಟ್ಟನೆ ತಿರುಗಲಿಲ್ಲ. ಕೈಯಲ್ಲಿದ್ದ ಕೋಲಿನಿಂದ ನೆಲದ ಮೇಲಿನ ಬೇವಿನ ಎಲೆಗಳನ್ನು ಸರಿಸಿದಳು, ಮತ್ತೆ ಸರಿಸಿದಳು.

"ಹಂಗಾರ ನಿಂತಿದ್ನೇನು?"

"ನಿಂತಿದ್ದಾ."

"ಒದರಿದ್ನೇನು?"

"ನಿನ್ನ ಹೆಸರು ಹಿಡದು. ಗಂಟಲಾ ಹರಿಯೂವಂಗ."

"ನನಗ ಕೇಳಲಿಲ್ಲ ನೋಡು" ಎಂದಳು. "ಆಗ ನನ್ನ ಕಿವಿ ಭಾಳ ಚೊಲೋ ಇದ್ದೂ." ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ನಾಚಿಕೆ ಯಾಕೆ. ಅಜ್ಜನ ಫೋಟೋ ಕಣ್ಣಮುಂದೆ ಬಂತು. ಪಾಪ, ಬಸಿ ಟಪ್ಪೆಂದು ಇಟ್ಟು ಸುಮ್ಮನಾಗಿಬಿಡುತ್ತಿದ್ದ ಮುದುಕ. ಮಗಳು ಆ ಒಂದು ದಿನ ಮಾತ್ರ ಯಾಕೆ ಬರುವುದಿಲ್ಲ ಎಂದು ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ನಮ್ಮೂರ ಕಡೆಯಿಂದ ಹುಡುಗರ ಜೈಕಾರ ಕೇಳಿಸಿತು. ಅತ್ತೆಗೆ ಕೇಳಿಸಲಿಲ್ಲ. "ಅತ್ತೀ, ಝೆಂಡಾ ಏರಿಸಿ ಆತು. ನಮ್ಮ ಕೈ ತಪ್ಪಿತು" ಎಂದೆ.

"ಏರಸಲಿ ಬಿಡು, ಅದೇನು ಓಡಿ ಹೋಗೂದಿಲ್ಲ" ಎಂದು ಕೋಲೂರಿ ಎದ್ದಳು. "ನಡಿ, ಅವ ಎಲ್ಲಿ ನಿಂತಿದ್ದಾ ತೋರಸು."

ಸೊಸೆ ಒಂದು ಕಡೆ, ನಾನು ಒಂದು ಕಡೆ. ಹಳ್ಳದ ಉಸುಕಿನಲ್ಲಿ ಮೂವರೂ ಮೆಲ್ಲಗೆ ನಡೆದೆವು. ತಿರುವಿನಲ್ಲಿ ನೀರು ಬಂದಾಗ ಅವಳು ನಿರಿಗೆ ಎತ್ತಿ ಹಿಡಿದಳು. ಹೆಗಲ ಮೇಲೆ ಕೂರುತ್ತೀಯೇನು ಎಂದು ಕೇಳಿದೆ. "ಸಾಕು ಸುಮ್ನಿರು, ಇಬ್ಬರೂ ಬಿದ್ದು ಸಾಯೂಣು" ಎಂದಳು. ಆಗ ಒಂಚೂರು ನಕ್ಕಳು.

ನಮ್ಮ ನಾಕಾಕ್ಕೆ ಬಂದು ಕಟ್ಟೆಯ ಮೇಲೆ ಕೂರಿಸಲು ಹೋದೆ. ಕುಳಿತುಕೊಳ್ಳಲಿಲ್ಲ. ಎಲ್ಲಿ, ಸರಿಯಾಗಿ ಎಲ್ಲಿ ನಿಂತಿದ್ದ ಎಂದು ಕೇಳಿದಳು. ನನಗೇನು ಗೊತ್ತು? ನೀರಿಗೆ ಸಮೀಪ, ಕಟ್ಟೆಯ ತುದಿಗೆ ಇರಬೇಕು ಎಂದೆ. ಅಲ್ಲಿ ಹೋಗಿ ನಿಂತಳು. ಕಣ್ಣಿಗೆ ಕೈ ಅಡ್ಡ ಹಿಡಿದು ತಾನು ಬಂದ ದಾರಿಯ ಕಡೆ ನೋಡಿದಳು. ಉಸುಕು, ತಿರುವು, ಜಾಲಿಗಿಡ. ಬೇವಿನ ಗಿಡದ ತುದಿ ಸಹ ಕಾಣುತ್ತಿರಲಿಲ್ಲ.

"ಇಲ್ಲಿಂದ ನಾ ಕಾಣಾಂಗಿಲ್ಲ ಬಿಡಪಾ" ಎಂದಳು.

ಆಮೇಲೆ ನಮ್ಮಿಬ್ಬರನ್ನೂ ಬಿಟ್ಟು, ಹಳ್ಳದ ಕಡೆ ಮುಖ ಮಾಡಿ, ನನ್ನ ದನಿಗಿಂತ ದೊಡ್ಡ ದನಿಯಲ್ಲಿ ಒದರಿದಳು:

"ಯಪ್ಪಾ, ನಾನೂ ಬಂದಿದ್ದೆನೋ!"